ಸೋಮವಾರ ಬೆಳಗಿನ ಲಯನ್ಸ್ ಮ್ಯಾಚ್: ಮುಂಬೈ ಕಡೆ ಜೊತೆಗೆ ಕೂತು ನೋಡುವವರು ಯಾರಾದರೂ ಇದ್ದೀರಾ?

ಡೊಂಬಿವ್ಲಿ ಲಯನ್:

ಎಲ್ಲರಿಗೂ ನಮಸ್ಕಾರ. ಇರುವುದು ಡೊಂಬಿವ್ಲಿ, ಊರು ಕುಂದಾಪುರದ ಹತ್ತಿರ. ನಾನು ಅಮೆರಿಕನ್ ಫುಟ್‌ಬಾಲ್ ನೋಡುವವನು. ಹೆಲ್ಮೆಟ್ ಹಾಕಿಕೊಂಡು, ಎರಡು ಕಡೆ ಚೂಪಾದ ಚೆಂಡು ಹಿಡಿದು ಓಡುತ್ತಾರಲ್ಲ, ಅದು. ನನ್ನ ತಂಡ ಡೆಟ್ರಾಯಿಟ್ ಲಯನ್ಸ್. ಎಂಟು ವರ್ಷ ಆಯಿತು, ನನ್ನ ಪಕ್ಕ ಕೂತು ಒಂದು ಮ್ಯಾಚನ್ನು ಪೂರ್ತಿ ನೋಡಿದವರು ಇನ್ನೂ ಒಬ್ಬರೂ ಸಿಕ್ಕಿಲ್ಲ.

ಶುರುವಾದದ್ದು ಐರೋಲಿಯ ಕಾಲ್ ಸೆಂಟರ್‌ನಲ್ಲಿ. ನೈಟ್ ಶಿಫ್ಟ್. ನಮಗೆ ಬರುತ್ತಿದ್ದ ಕರೆಗಳೆಲ್ಲ ಮಿಷಿಗನ್ ರಾಜ್ಯದ್ದು. ಒಂದು ರಾತ್ರಿ ಬಿಲ್ ವಿಷಯಕ್ಕೆ ಒಬ್ಬ ಅಜ್ಜ ಫೋನ್ ಮಾಡಿದ್ದರು. ಸಿಸ್ಟಮ್ ನಿಧಾನ ಇತ್ತು, ಕಾಯಬೇಕಾಯಿತು, ಆ ಹತ್ತು ನಿಮಿಷ ಅವರು ಲಯನ್ಸ್ ಕತೆ ಹೇಳಿದರು. 2008ರಲ್ಲಿ 16 ಮ್ಯಾಚ್ ಆಡಿ 16ನ್ನೂ ಸೋತರಂತೆ. ಆದರೂ ಆ ವರ್ಷ ಒಂದು ಭಾನುವಾರವೂ ಟಿವಿ ಹಾಕದೇ ಇರಲಿಲ್ಲವಂತೆ. ಬೆಳಗ್ಗೆ ಮನೆಗೆ ಬಂದು ಮಲಗುವ ಬದಲು ಯೂಟ್ಯೂಬಿನಲ್ಲಿ ಲಯನ್ಸ್ ಅಂತ ಹುಡುಕಿದೆ. ಅಲ್ಲಿಂದ ಹಿಡಿದದ್ದು ಬಿಟ್ಟಿಲ್ಲ.

ಈಗ ಕೆಲಸ ಬದಲಾಗಿದೆ, ಫೋರ್ಟಿನಲ್ಲಿ ಡೇ ಶಿಫ್ಟ್. ನಮ್ಮದು ಒಂದು ರೂಮ್, ಒಂದು ಕಿಚನ್. ಅಪ್ಪ ಹೋಟೆಲ್ ಕೆಲಸಕ್ಕೆ ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ, ಒಂಬತ್ತಕ್ಕೆಲ್ಲ ಮಲಗುತ್ತಾರೆ. ಮ್ಯಾಚ್ ಶುರುವಾಗುವುದು ರಾತ್ರಿ ಹತ್ತೂವರೆಗೆ. ನಾನು ಚಾದರ ತಲೆ ಮೇಲೆ ಎಳೆದುಕೊಂಡು, ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ, ಬೆಳಕು ಪೂರ್ತಿ ಕಮ್ಮಿ ಮಾಡಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೋಡುತ್ತೇನೆ. ಇನ್ನೊಂದು ಕಿವಿ ಅಪ್ಪನ ಉಸಿರಿನ ಮೇಲೆ. ಟಚ್‌ಡೌನ್ (ಚೆಂಡು ಹಿಡಿದು ಎದುರಿನವರ ಕೊನೆಯ ಗೆರೆ ದಾಟುವುದು) ಆದಾಗ ಬಾಯಿಗೆ ದಿಂಬು ಒತ್ತಿಕೊಳ್ಳುತ್ತೇನೆ.

ಎರಡು ದಿನ ಮರೆಯಲು ಆಗುವುದಿಲ್ಲ. ಮೊದಲನೆಯದು 2024ರ ಜನವರಿ 15, ಸಂಕ್ರಾಂತಿ. ಅಲ್ಲಿ ಇನ್ನೂ ಭಾನುವಾರ ರಾತ್ರಿ, ನಮಗೆ ಬೆಳಗ್ಗೆ. ಲಯನ್ಸ್ ಮತ್ತು ರ‍್ಯಾಮ್ಸ್. ಆ ಕಡೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಮ್ಯಾಥ್ಯೂ ಸ್ಟ್ಯಾಫರ್ಡ್, ಮೊದಲು ನಮ್ಮವರು. ಈ ಕಡೆ ಜೇರೆಡ್ ಗಾಫ್, ಮೊದಲು ಅವರ ತಂಡದವರು. 2021ರಲ್ಲಿ ಇಬ್ಬರನ್ನೂ ಅದಲು ಬದಲು ಮಾಡಿಕೊಂಡಿದ್ದರು. ಅಪ್ಪನಿಗೆ ಆವತ್ತು ಜ್ವರ, ಮನೆಯಲ್ಲೇ ಇದ್ದರು. ಕೊನೆಯ ಹತ್ತು ನಿಮಿಷ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. 24–23. ಇನ್ನು ಹತ್ತು ಗಜ ಸಿಕ್ಕಿದರೆ ಚೆಂಡು ನಮ್ಮ ಹತ್ತಿರವೇ ಉಳಿಯುತ್ತದೆ, ಅವರಿಗೆ ಆಡಲು ಟೈಮೇ ಸಿಗುವುದಿಲ್ಲ ಅಂತ ಹೇಳಿದೆ. ಗಾಫ್ ಎಸೆದದ್ದನ್ನು ಸೇಂಟ್ ಬ್ರೌನ್ ಹಿಡಿದರು, ಮುಗಿಯಿತು. 1992ರ ಜನವರಿ ಆದ ಮೇಲೆ ಲಯನ್ಸ್ ಗೆದ್ದ ಮೊದಲ ಪ್ಲೇಆಫ್ ಮ್ಯಾಚ್ ಅದು. ನಾನು ಅಳುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆ ಮರಾಠಿ ಆಂಟಿ ತಿಳಗೂಳ ತಂದರು, ಏನಾಯ್ತೋ ಅಂತ ಗಾಬರಿಯಾದರು. ಅಪ್ಪನೇ ಹೇಳಿದರು, "ಏನಿಲ್ಲ, ಇವನ ತಂಡ ಗೆದ್ದಿತು."

ಎರಡನೆಯದು ಸರಿಯಾಗಿ ಎರಡು ವಾರ ಆದ ಮೇಲೆ, ಜನವರಿ 29. ಗೆದ್ದರೆ ಸೂಪರ್ ಬೌಲ್, ಅಂದರೆ ಫೈನಲ್. ಎದುರು ಸ್ಯಾನ್ ಫ್ರಾನ್ಸಿಸ್ಕೋ. ಅರ್ಧ ಮ್ಯಾಚಿಗೆ 24–7, ನಾವು ಮುಂದೆ. ಖುಷಿಯಲ್ಲೇ ಸ್ನಾನ ಮಾಡಿ ಲೋಕಲ್ ಹತ್ತಿದೆ. ಬಾಗಿಲ ಹತ್ತಿರ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನ್. ಮೂರನೇ ಕ್ವಾರ್ಟರಿನಲ್ಲಿ ನಮ್ಮ ಕೋಚ್ ಡ್ಯಾನ್ ಕ್ಯಾಂಬೆಲ್ ಮೂರು ಅಂಕದ ಫೀಲ್ಡ್ ಗೋಲ್ ಒದೆಸದೆ ನಾಲ್ಕನೇ ಡೌನ್ (ಹತ್ತು ಗಜ ದಾಟಲು ಸಿಗುವ ನಾಲ್ಕು ಅವಕಾಶದಲ್ಲಿ ಕೊನೆಯದು) ಆಡಿಸಿದರು, ಸಿಗಲಿಲ್ಲ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದವರು ಉದ್ದಕ್ಕೆ ಎಸೆದ ಚೆಂಡು ನಮ್ಮ ಹುಡುಗನ ಹೆಲ್ಮೆಟ್ಟಿಗೆ ಬಡಿದು ಚಿಮ್ಮಿ ಅವರ ಐಯೂಕ್ ಕೈಗೇ ಹೋಯಿತು. ಮುಂಬ್ರಾ ಹತ್ತಿರ ನೆಟ್‌ವರ್ಕ್ ಹೋಯಿತು. ಬಂದಾಗ 24–24. ಕೊನೆಗೆ 34–31, ಸೋತೆವು. ಆವತ್ತು ಆಫೀಸಿನಲ್ಲಿ ಯಾಕೆ ಹೀಗಿದ್ದೀಯಾ ಅಂತ ಕೇಳಿದರು. ಯಾರಿಗೆ ಹೇಳುವುದು? ಎಲ್ಲಿಂದ ಶುರು ಮಾಡುವುದು?

ಅದಕ್ಕೇ ಕೇಳುತ್ತಿದ್ದೇನೆ. ಲೈವ್ ಬಿಟ್ಟು ರೆಕಾರ್ಡಿಂಗ್ ನೋಡಿದರೆ ಅಭಿಮಾನ ಕಮ್ಮಿಯಾಗುತ್ತಾ? ಹೋದ ವಾರ ನಿದ್ದೆ ಬಂದು ಮೂರನೇ ಕ್ವಾರ್ಟರಿನಲ್ಲೇ ಮಲಗಿಬಿಟ್ಟೆ, ಬೆಳಗ್ಗೆ ಎದ್ದು ತುಂಬಾ ಬೇಜಾರಾಯಿತು. ಮನೆಯವರಿಗೆ ಈ ಆಟ ಅರ್ಥ ಮಾಡಿಸಿದವರು ಯಾರಾದರೂ ಇದ್ದೀರಾ? ಮತ್ತೆ, ಥಾಣೆ–ದಾದರ್ ಕಡೆ ಯಾರಾದರೂ ನೋಡುವವರಿದ್ದರೆ ದಯವಿಟ್ಟು ಹೇಳಿ.

ವಾಸ್ಕೋ ಕಾರವಾರಿ:

ತಮ್ಮಾ, ಓದಿ ನನ್ನ ಕತೆಯನ್ನೇ ಓದಿದ ಹಾಗಾಯಿತು. ನಾನು ಕಾರವಾರದವನು, ಈಗ ವಾಸ್ಕೋದಲ್ಲಿದ್ದೇನೆ. ಹನ್ನೊಂದು ವರ್ಷ ಮಯಾಮಿಯಿಂದ ಹೊರಡುವ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿದ್ದೆ. ಸಿಬ್ಬಂದಿ ಊಟದ ಹಾಲಿನಲ್ಲಿ ಒಂದೇ ಟಿವಿ, ಭಾನುವಾರ ಅದರಲ್ಲಿ ಮಯಾಮಿಯ ತಂಡ ಡಾಲ್ಫಿನ್ಸ್ ಮ್ಯಾಚ್. ಫಿಲಿಪೀನ್ಸಿನವರು, ಜಮೈಕಾದವರು, ಗೋವಾದವರು, ಎಲ್ಲರೂ ತಟ್ಟೆ ಹಿಡಿದು ನಿಂತೇ ನೋಡುತ್ತಿದ್ದೆವು. 1972ರ ಡಾಲ್ಫಿನ್ಸ್ ಸೀಸನ್ ಪೂರ್ತಿ ಆಡಿದ 17ನ್ನೂ ಗೆದ್ದು ಸೂಪರ್ ಬೌಲ್ ಎತ್ತಿದರು, ಇವತ್ತಿನವರೆಗೆ ಇನ್ನೊಂದು ತಂಡಕ್ಕೆ ಅದು ಆಗಿಲ್ಲ. ಅದೇ ತಂಡ 2000ದ ಡಿಸೆಂಬರ್ ಆದ ಮೇಲೆ ಒಂದು ಪ್ಲೇಆಫ್ ಮ್ಯಾಚೂ ಗೆದ್ದಿಲ್ಲ. ಹಾಗಾಗಿ ಕಾಯುವುದು ಅಂದರೇನು ಅಂತ ನನಗೂ ಗೊತ್ತು.

ರೆಕಾರ್ಡಿಂಗ್ ನೋಡಿದರೆ ತಪ್ಪೇನೂ ಇಲ್ಲ. ನಾನು ಹಡಗು ಬಿಟ್ಟು ಬಂದ ಮೊದಲ ವರ್ಷ ಎಲ್ಲ ಮ್ಯಾಚನ್ನೂ ಲೈವ್ ನೋಡಲು ಹೋಗಿ ಬಿಪಿ ಜಾಸ್ತಿಯಾಗಿ ಡಾಕ್ಟರ ಹತ್ತಿರ ಬೈಸಿಕೊಂಡೆ. ಈಗ ವಾರಕ್ಕೆ ಒಂದೇ ಲೈವ್. ಉಳಿದದ್ದು ಮ್ಯಾಚ್ ತೋರಿಸುವ ಗೇಮ್ ಪಾಸ್‌ನಲ್ಲಿ (2023ರಿಂದ ಅದು ಡಾಜೋನ್ ಆಪಿನಲ್ಲಿದೆ) ನಲವತ್ತು ನಿಮಿಷಕ್ಕೆ ಕತ್ತರಿಸಿ ಹಾಕಿರುತ್ತಾರಲ್ಲ, ಅದನ್ನು ನೋಡುತ್ತೇನೆ. ಮೂರು ಗಂಟೆಯ ಮ್ಯಾಚಿನಲ್ಲಿ ಚೆಂಡು ನಿಜವಾಗಿ ಓಡಾಡುವುದು ಹತ್ತು ಹದಿನೈದು ನಿಮಿಷ ಅಷ್ಟೆ, ಉಳಿದದ್ದು ನಿಲ್ಲುವುದು, ಗುಂಪು ಸೇರಿ ಮಾತಾಡುವುದು, ಜಾಹೀರಾತು. ನಲವತ್ತು ನಿಮಿಷದಲ್ಲಿ ಆಟ ಏನೂ ತಪ್ಪುವುದಿಲ್ಲ. ಆದರೆ ಒಂದು ನಿಯಮ ಪಾಲಿಸಬೇಕು: ನೋಡಿ ಮುಗಿಯುವ ತನಕ ವಾಟ್ಸಾಪ್ ತೆರೆಯಬಾರದು, ಯೂಟ್ಯೂಬ್ ಅಂತೂ ಮುಟ್ಟಲೇಬಾರದು. ಸ್ಕೋರ್ ಗೊತ್ತಾಯಿತು ಅಂದರೆ ಮುಗಿಯಿತು, ಹಳಸಿದ ಸಾರು.

ಇನ್ನೊಂದು ವಿಷಯ ಗೋಡೆಗೆ ಬರೆದು ಅಂಟಿಸಿಕೊ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದೆ ಇಡುತ್ತಾರೆ. ಆಗ ನಿನ್ನ ಹತ್ತೂವರೆಯ ಮ್ಯಾಚ್ ಹನ್ನೊಂದೂವರೆಗೆ ಹೋಗುತ್ತದೆ, ಎರಡು ಗಂಟೆ ಸುಮಾರಿನದು ಮೂರಕ್ಕೆ, ಬೆಳಗ್ಗೆ 5:50ರದ್ದು 6:50ಕ್ಕೆ. ಮೊದಲ ವರ್ಷ ಇದು ಗೊತ್ತಿಲ್ಲದೆ ನಾನು ಒಂದು ಗಂಟೆ ಸುಮ್ನೆ ಖಾಲಿ ಸ್ಕ್ರೀನ್ ನೋಡುತ್ತಾ ಕೂತಿದ್ದೆ. ಅಕ್ಟೋಬರಿನಲ್ಲಿ ಲಂಡನ್ ಮ್ಯಾಚುಗಳಿದ್ದರೆ ಅವನ್ನು ಬಿಡಬೇಡ. ನಮಗೆ ಸಂಜೆ ಏಳಕ್ಕೆ ಶುರು, ಹತ್ತೂಕಾಲಿಗೆಲ್ಲ ಮುಗಿಯುತ್ತದೆ. ಮನೆಯವರಿಗೆ ತೋರಿಸುವುದಿದ್ದರೆ ಅದನ್ನೇ ತೋರಿಸು.

ಮತ್ತೆ ನಿನ್ನ ತಂಡಕ್ಕೆ ಒಂದು ದೊಡ್ಡ ಅನುಕೂಲ ಇದೆ, ನಮಗ್ಯಾರಿಗೂ ಇಲ್ಲದ್ದು. ನವೆಂಬರ್ ನಾಲ್ಕನೇ ಗುರುವಾರ, ಅಮೆರಿಕದವರ ಹಬ್ಬ ಥ್ಯಾಂಕ್ಸ್‌ಗಿವಿಂಗ್. ಆವತ್ತು ಡೆಟ್ರಾಯಿಟ್‌ನಲ್ಲಿ ಮ್ಯಾಚ್ ಇದ್ದೇ ಇರುತ್ತದೆ. 1934ರಲ್ಲಿ ಶುರುವಾದ ಪದ್ಧತಿ, ಯುದ್ಧದ ಕೆಲವು ವರ್ಷ ಬಿಟ್ಟರೆ ನಿಂತಿಲ್ಲ. ಅವರಿಗೆ ಮಧ್ಯಾಹ್ನ, ನಮಗೆ ರಾತ್ರಿ ಹನ್ನೊಂದು ಹನ್ನೊಂದೂವರೆ. ಶುಕ್ರವಾರಕ್ಕೆ ಈಗಲೇ ರಜೆ ಬರೆದಿಡು.

ಧಾರವಾಡದಾಕಿ, ಪುಣೆ:

ನಮಸ್ಕಾರ ಎಲ್ಲರಿಗೂ. ವಯಸ್ಸು 58, ಕೋಥ್ರೂಡಿನಲ್ಲಿ ಮನೆ. ನನ್ನಂಥವಳು ಇಲ್ಲಿ ಬರೆಯುವುದು ನೋಡಿ ನಿಮಗೆ ಅಚ್ಚರಿ ಆಗಬಹುದು. ಮಗ ಬಫಲೋದಲ್ಲಿ ಎಂ.ಎಸ್. ಓದಲು ಹೋದ. ಮೊದಲ ಚಳಿಗಾಲ ಫೋನ್ ಮಾಡಿದರೆ "ಹ್ಞೂಂ ಅವ್ವಾ, ಊಟ ಆಯ್ತವ್ವಾ" ಅಷ್ಟೇ ಮಾತು. ಒಂದು ದಿನ ಆ ಊರಿನ ತಂಡ ಬಿಲ್ಸ್ ಮ್ಯಾಚಿಗೆ ಹೋಗಿ ಬಂದೆ ಅಂತ ಹೇಳಿ ಅರ್ಧ ಗಂಟೆ ಮಾತಾಡಿದ. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಆ ದನಿ ಕೇಳಿ ಎಷ್ಟೋ ತಿಂಗಳಾಗಿತ್ತು. ಆಮೇಲೆ ಈ ಆಟ ಕಲಿತೇ ಬಿಡಬೇಕು ಅಂತ ಕೂತೆ.

ತಮ್ಮಾ, ಮನೆಯವರಿಗೆ ಅರ್ಥ ಮಾಡಿಸುವುದು ಹೇಗೆ ಅಂತ ಕೇಳಿದಿಯಲ್ಲ, ಕಬಡ್ಡಿಯಿಂದ ಶುರು ಮಾಡು. ನಾನು ಶಾಲೆಯಲ್ಲಿ ಕಬಡ್ಡಿ ಆಡಿದವಳು, ನನಗೆ ಹಾಗೇ ತಿಳಿದದ್ದು. ಈಗ ಟಿವಿ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಬಂದರೆ ಮೂರನೆಯದು ಮಾಡು ಇಲ್ಲವೇ ಮಡಿ, ಅಲ್ವಾ? ಅಂಕ ತರದಿದ್ದರೆ ಔಟ್. ಇಲ್ಲಿ ಅವಕಾಶ ನಾಲ್ಕು, ದೂರ ಹತ್ತು ಗಜ. ನಾಲ್ಕರ ಒಳಗೆ ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ದಾಟದಿದ್ದರೆ ಚೆಂಡು ಎದುರಿನವರದ್ದು. ಅದಕ್ಕೇ ಮೂರು ಸಲ ಆಡಿ, ನಾಲ್ಕನೆಯದಕ್ಕೆ ಸಾಮಾನ್ಯವಾಗಿ ಒದ್ದುಬಿಡುತ್ತಾರೆ: ಗೋಲ್ ಕಂಬದ ಹತ್ತಿರ ಇದ್ದರೆ ಮೂರು ಅಂಕಕ್ಕೆ, ದೂರ ಇದ್ದರೆ ಎದುರಿನವರನ್ನು ಆದಷ್ಟು ಹಿಂದೆ ತಳ್ಳಲಿಕ್ಕೆ. ಒದೆಯದೆ ಆಡಿದರು ಅಂದರೆ ಅದು ಮಾಡು ಇಲ್ಲವೇ ಮಡಿ ರೈಡ್. ಇಷ್ಟು ತಿಳಿದರೆ ಮುಕ್ಕಾಲು ಆಟ ತಿಳಿದ ಹಾಗೆ. ಟಚ್‌ಡೌನಿಗೆ ಆರು, ಆಮೇಲೆ ಒದ್ದರೆ ಒಂದು, ಮತ್ತೆ ಓಡಿ ಅಥವಾ ಎಸೆದು ಒಳಗೆ ಹೋದರೆ ಎರಡು. ಉಳಿದ ನಿಯಮ ನೋಡುತ್ತಾ ನೋಡುತ್ತಾ ಬರುತ್ತವೆ. ನಮ್ಮ ಯಜಮಾನರಿಗೆ ಚಹಾ ಕಪ್ಪು, ಬಿಸ್ಕತ್ತು ಇಟ್ಟು ಟೀಪಾಯ್ ಮೇಲೆ ತೋರಿಸಿದೆ. ಮೊದಲು ಕ್ರಿಕೆಟ್ ಬಿಟ್ಟು ಬೇರೇನೂ ಬೇಡ ಅನ್ನುತ್ತಿದ್ದವರು ಈಗ ನಮ್ಮ ಬಿಲ್ಸ್ ತಂಡದ ಜಾಶ್ ಆಲನ್ ಓಡಿದರೆ "ಜಾರು, ಜಾರು, ಪೆಟ್ಟು ತಿನ್ನಬೇಡ" ಅಂತ ಕೂಗುತ್ತಾರೆ.

ನೀನು ಸಂಕ್ರಾಂತಿ ಹೇಳಿದೆ. ಅದೇ ವಾರ ಬಫಲೋದಲ್ಲಿ ಹಿಮ ಬಿದ್ದು ಭಾನುವಾರದ ಮ್ಯಾಚ್ ಸೋಮವಾರಕ್ಕೆ ಹೋಯಿತು. ಸ್ಟೇಡಿಯಂ ಖಾಲಿ ಮಾಡಲು ಸಲಿಕೆ ಹಿಡಿದು ಬನ್ನಿ, ಗಂಟೆಗೆ 20 ಡಾಲರ್ ಕೊಡುತ್ತೇವೆ ಅಂತ ತಂಡದವರೇ ಜನರನ್ನು ಕರೆದರು. ನಮಗೆ ಮಂಗಳವಾರ ಬೆಳಗಿನ ಜಾವ ಮೂರು ಗಂಟೆ. ಸೀಟುಗಳು ಇನ್ನೂ ಹಿಮದಲ್ಲಿ ಹೂತಿದ್ದವು, ಟಚ್‌ಡೌನ್ ಆದಾಗೆಲ್ಲ ಜನ ಕೈ ತುಂಬಾ ಹಿಮ ಬಾಚಿ ಮೇಲೆ ತೂರುತ್ತಿದ್ದರು. ಜಾತ್ರೆಯಲ್ಲಿ ಭಂಡಾರ ತೂರುತ್ತಾರಲ್ಲ, ನನಗೆ ಅದೇ ಕಂಡಿತು. ಮಗ ಅಲ್ಲಿ ರೂಮಿನಲ್ಲಿ, ನಾವಿಬ್ಬರು ಇಲ್ಲಿ ಶಾಲು ಹೊದ್ದು, ಫೋನ್ ಸ್ಪೀಕರಿನಲ್ಲಿ. 31–17, ಗೆದ್ದೆವು.

ನಮ್ಮ ತಂಡ 1991ರಿಂದ 94ರ ತನಕ ಸಾಲಾಗಿ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಸೋತದ್ದು. ಮೊದಲನೆಯದು ಒಂದೇ ಅಂಕದಲ್ಲಿ, ಕೊನೆಯ ಒದೆತ ಕಂಬದ ಬಲಗಡೆಗೆ ಹೋಗಿ. ಆರ್‌ಸಿಬಿಗೆ ಹದಿನೆಂಟು ವರ್ಷ ಕಾದವರು ನಾವು, 2025ರಲ್ಲಿ ಬಂತಲ್ಲ ಕಪ್. ಬಿಲ್ಸ್‌ಗೂ ಬರುತ್ತದೆ, ನಿಮ್ಮ ಲಯನ್ಸ್‌ಗೂ ಬರುತ್ತದೆ. ಇದನ್ನು ನಾನು ಮನಸ್ಸಿನಿಂದ ನಂಬುತ್ತೇನೆ.

ಬಾಲೆವಾಡಿ ರಗ್ಬಿ:

ಸಣ್ಣದೊಂದು ಸೇರಿಸುತ್ತೇನೆ. ಈ ಆಟ ನಮ್ಮ ಕಡೆ ಹೊಸದೇನೂ ಅಲ್ಲ. 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ ನಡೆದಿತ್ತು, ಪುಣೆ ಮರಾಠಾಸ್, ಮುಂಬೈ ಗ್ಲಾಡಿಯೇಟರ್ಸ್, ಬೆಂಗಳೂರು ವಾರ್‌ಹಾಕ್ಸ್ ಎಲ್ಲ ಇದ್ದವು. ಅದು ಬೆಳೆಯಲಿಲ್ಲ. ಆದರೆ 2023ರ ಅಕ್ಟೋಬರಿನಲ್ಲಿ ಒಲಿಂಪಿಕ್ ಸಮಿತಿಯ ಸಭೆ ಮುಂಬೈನಲ್ಲೇ ಆಯಿತಲ್ಲ, ಕ್ರಿಕೆಟ್ಟನ್ನು 2028ರ ಲಾಸ್ ಏಂಜಲೀಸ್‌ಗೆ ಸೇರಿಸಿದ ಸಭೆ, ಅಲ್ಲೇ ಫ್ಲ್ಯಾಗ್ ಫುಟ್‌ಬಾಲ್ ಕೂಡ ಸೇರಿತು. ಪೇಪರಿನವರೆಲ್ಲ ಕ್ರಿಕೆಟ್ ಮಾತ್ರ ಬರೆದರು. ಒಂದು ಕಡೆ ಐದೇ ಜನ, ಹೆಲ್ಮೆಟ್ ಬೇಡ, ಡಿಕ್ಕಿ ಇಲ್ಲ, ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತರೆ ಹಿಡಿದ ಹಾಗೆ. ಒಂದು ಚೆಂಡು, ಹತ್ತು ಪಟ್ಟಿ ಇದ್ದರೆ ಶಿವಾಜಿ ಪಾರ್ಕಿನಲ್ಲೂ ಆಡಬಹುದು. ನೋಡುವುದರ ಜೊತೆ ಒಂದು ಸಲ ಎಸೆದು ನೋಡಿ. ಚೆಂಡು ಕೈ ಬಿಡುವಾಗ ಬೆರಳ ತುದಿಯಲ್ಲಿ ಸುರುಳಿ ತಿರುಗುವುದು ಗೊತ್ತಾದರೆ ಗಾಫ್ ಎಂಥ ಆಟಗಾರ ಅಂತ ಆವತ್ತೇ ತಿಳಿಯುತ್ತದೆ.

ಮಾಟುಂಗದ ಪ್ಯಾಕರ್:

ಕಾರವಾರದ ಅಣ್ಣನ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ನಲವತ್ತು ನಿಮಿಷದಲ್ಲಿ ಆಟ ಸಿಗುತ್ತದೆ ಮಾರಾಯ್ರೆ, ಮ್ಯಾಚ್ ಸಿಗುವುದಿಲ್ಲ. ಆ ನಿಲ್ಲುವುದು, ಗುಂಪು ಸೇರುವುದು ಇದೆಯಲ್ಲ, ಈಗ ಏನು ಮಾಡುತ್ತಾರೆ ಅಂತ ನಾವು ಯೋಚಿಸುವುದು ಅಲ್ಲೇ. ಅದನ್ನು ಕತ್ತರಿಸಿದರೆ ಉಳಿಯುವುದು ಬರೀ ಫಲಿತಾಂಶ. ಎಲ್ಲ ವಾರ ಬೇಡ, ಸರಿ. ಆದರೆ ನೋಡುವ ಮ್ಯಾಚನ್ನು ಪೂರ್ತಿ ನೋಡಬೇಕು, ಸಾಧ್ಯವಾದರೆ ಯಾರ ಜೊತೆಗಾದರೂ ಕೂತು ನೋಡಬೇಕು.

ನಾನು ಗ್ರೀನ್ ಬೇ ಪ್ಯಾಕರ್ಸ್. ಅಕ್ಕನ ಮಗ ಮಿಲ್ವಾಕಿಯಲ್ಲಿದ್ದಾನೆ, ಅವನಿಂದ ಹಿಡಿದದ್ದು. ಗ್ರೀನ್ ಬೇ ಅಂದರೆ ಒಂದು ಲಕ್ಷ ಚಿಲ್ಲರೆ ಜನ, ಹೆಚ್ಚು ಕಡಿಮೆ ನಮ್ಮ ಉಡುಪಿಯಷ್ಟು ಊರು. ಆ ಊರಿನ ಸ್ಟೇಡಿಯಂನಲ್ಲಿ 80 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ. ಉಳಿದ 31 ತಂಡಗಳಿಗೆ ಧಣಿಗಳಿದ್ದಾರೆ, ಇದಕ್ಕೆ ಇಲ್ಲ. 1923ರಿಂದ ಊರವರೇ ಶೇರು ತೆಗೆದುಕೊಂಡು ಉಳಿಸಿಕೊಂಡ ತಂಡ. ಈಗ ಐದು ಲಕ್ಷಕ್ಕೂ ಜಾಸ್ತಿ ಜನರ ಹತ್ತಿರ ಶೇರಿದೆ. ಡಿವಿಡೆಂಡ್ ಇಲ್ಲ, ಲಾಭಕ್ಕೆ ಮಾರುವ ಹಾಗಿಲ್ಲ. 2021ರಲ್ಲಿ 300 ಡಾಲರ್ ಕೊಟ್ಟು ಅಳಿಯನೂ ಒಂದು ತೆಗೆದುಕೊಂಡ, ಆ ಕಾಗದದ ಫೋಟೋ ನಮ್ಮ ಗಲ್ಲೆಯ ಹಿಂದೆ ದೇವರ ಪಟದ ಪಕ್ಕ ಇದೆ. ಊರಿಂದ ಬಂದವರು ಹತ್ತು ಹತ್ತು ರೂಪಾಯಿ ಹಾಕಿ ಮುಂಬೈನಲ್ಲಿ ಸಂಘ ಕಟ್ಟಿದ್ದನ್ನು ನೋಡಿ ಬೆಳೆದವನು ನಾನು. ಹಾಗಾಗಿ ಈ ತಂಡ ನನಗೆ ಪರಕೀಯ ಅನ್ನಿಸಲೇ ಇಲ್ಲ.

ಡೊಂಬಿವ್ಲಿ ತಮ್ಮ, ನಿಮ್ಮ ತಂಡವೂ ನಮ್ಮದೂ ಒಂದೇ ವಿಭಾಗ, ವರ್ಷಕ್ಕೆ ಎರಡು ಸಲ ಎದುರಾಗುತ್ತೇವೆ. 2023ರ ಥ್ಯಾಂಕ್ಸ್‌ಗಿವಿಂಗ್ ದಿನ ನಿಮ್ಮೂರಿಗೇ ಬಂದು ಗೆದ್ದೆವು, 29–22. ಅದು ಹಾಗಿರಲಿ. ಮಾಟುಂಗ ಈಸ್ಟಿನಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ, ಅಟ್ಟದ ಮೇಲೆ ಹುಡುಗರು ಮಲಗುವ ಕೋಣೆಯ ಪಕ್ಕ ಒಂದು ರೂಮು, ಒಂದು ಟಿವಿ. ಸೂಪರ್ ಬೌಲ್ ನಮಗೆ ಸೋಮವಾರ ಬೆಳಗ್ಗೆ ಐದಕ್ಕೆ. ಮೂರು ವರ್ಷದಿಂದ ನಾನು, ನನ್ನ ತಮ್ಮ, ಮೇಲಿನ ಮನೆಯ ತಮಿಳು ಹುಡುಗ, ಮೂವರೇ ನೋಡುತ್ತೇವೆ. ಮೊದಲ ಕ್ವಾರ್ಟರಿನ ಹೊತ್ತಿಗೆ ಕೆಳಗಿಂದ ಇಡ್ಲಿಯ ಹಬೆ ಬರುತ್ತದೆ, ಎರಡನೆಯದಕ್ಕೆ ಕಾಫಿ. ನೀವೂ ಬನ್ನಿ. ಥ್ಯಾಂಕ್ಸ್‌ಗಿವಿಂಗ್‌ಗೂ ಬನ್ನಿ. ಮ್ಯಾಚ್ ಮುಗಿಯುವಾಗ ಎರಡೂವರೆ, ಲೋಕಲ್ ಇರುವುದಿಲ್ಲ. ಅಟ್ಟದಲ್ಲೇ ಒಂದು ಚಾಪೆ ಹಾಕಿ ಮಲಗಿ, ಬೆಳಿಗ್ಗೆ ಮೊದಲ ಗಾಡಿಗೆ ಹೋದರಾಯಿತು. ಅಲ್ಲಿ ಬೊಬ್ಬೆ ಹೊಡೆಯಬಹುದು. ಬಾಯಿಗೆ ದಿಂಬು ಒತ್ತುವುದು ಬೇಡ.

ಡೊಂಬಿವ್ಲಿ ಲಯನ್:

ಎಲ್ಲರಿಗೂ ಏನು ಹೇಳಲಿ ಗೊತ್ತಾಗುತ್ತಿಲ್ಲ. ಮಾಟುಂಗದ ಅಣ್ಣ, ಖಂಡಿತ ಬರುತ್ತೇನೆ. ಶುಕ್ರವಾರದ ರಜೆ ಬರೆದು ಕೊಟ್ಟಾಯಿತು.

ಪುಣೆಯ ಅಕ್ಕ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಊರಲ್ಲಿ ಗದ್ದೆ ಕೊಯ್ಲು ಆದ ಮೇಲೆ ಕಬಡ್ಡಿ ಆಡುತ್ತಿದ್ದವರು. ನಾಲ್ಕು ಇಡ್ಲಿ ತಟ್ಟೆಯಲ್ಲಿಟ್ಟು ಒಂದೊಂದು ಡೌನಿಗೆ ಒಂದೊಂದು ತೆಗೆದೆ. ಮೂರು ಹೋದ ಮೇಲೆ ಅಪ್ಪ ಕೈ ಅಡ್ಡ ಹಿಡಿದು, "ಅವತ್ತು ರೈಲಿನಲ್ಲಿ ನೋಡಿದೆ ಅಂದಿಯಲ್ಲ, ಅಲ್ಲಿ ಏನು ಮಾಡಿದರು?" ಅಂತ ಕೇಳಿದರು. ನಾಲ್ಕನೆಯದನ್ನೂ ಆಡಿದರು, ಎರಡು ಸಲ, ಎರಡೂ ಸಿಗಲಿಲ್ಲ ಅಂದೆ. ಮೂರು ಅಂಕ ಕೈಗೆ ಸಿಗುವಾಗ ತೆಗೆದುಕೊಳ್ಳಬೇಕಿತ್ತು ಅಂತ ಅವರ ವಾದ. ವರ್ಷ ಪೂರ್ತಿ ಹಾಗೆ ಆಡಿಯೇ ಅಲ್ಲಿವರೆಗೆ ಬಂದರು, ಆವತ್ತೊಂದು ದಿನ ಹೆದರಿ ಆಟ ಬದಲಿಸಿದ್ದರೆ ಅದು ಲಯನ್ಸೇ ಅಲ್ಲ ಅಂತ ನನ್ನ ವಾದ. ಒಂಬತ್ತೂವರೆ ಆದರೂ ಮಲಗಲಿಲ್ಲ.

ಮಾಟುಂಗದ ಅಣ್ಣ, ಅಪ್ಪ ಆ ಹೋಟೆಲ್ ಯಾವ ಗಲ್ಲಿ ಅಂತ ಕೇಳಿದರು. ಹತ್ತಿರದ ಗಲ್ಲಿಯಲ್ಲೇ ಇಪ್ಪತ್ತು ವರ್ಷ ದುಡಿದಿದ್ದಾರಂತೆ. ಆವತ್ತು ಇಬ್ಬರು ಬಂದರೆ ಜಾಗ ಆಗುತ್ತದಾ?

ಮಾಟುಂಗದ ಪ್ಯಾಕರ್:

ಚಾಪೆ ಎರಡು ಹಾಕಿಸುತ್ತೇನೆ. ಅಪ್ಪನಿಗೆ ಮಂಡಿ ನೋವಿದ್ದರೆ ಹೇಳಿ, ಅಟ್ಟದ ಮೆಟ್ಟಿಲು ಕಡಿದಾಗಿದೆ, ಟಿವಿ ಕೆಳಗೆ ಇಳಿಸೋಣ.